ನೀವು ಕೇಳಿದ್ದು: ಬಾಸ್ಟೋನ್ ಹೊಕ್ಕ ಟ್ಯಾಂಕನ್ನು ಓಡಿಸಿದ್ದು ಯಾರು?

ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಅಮೆರಿಕದ 4ನೇ ಆರ್ಮರ್ಡ್ ಡಿವಿಷನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 1944ರ ಜುಲೈನಲ್ಲಿ ನಾರ್ಮಂಡಿಯಲ್ಲಿ ಇಳಿದ ಟ್ಯಾಂಕ್ ಪಡೆ ಅದು. ಫ್ರಾನ್ಸ್ ದಾಟಿ, ಬೆಲ್ಜಿಯಂ ಹೊಕ್ಕು, ಜರ್ಮನಿ ಸೀಳಿಕೊಂಡು ಹೋಗಿ, 1945ರ ಮೇನಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಯುದ್ಧ ಮುಗಿಸಿತು. ಅಷ್ಟು ಬರೆದಿದ್ದಕ್ಕೆ ಚೀಲದ ತುಂಬ ಪತ್ರ ಬಂದಿವೆ. ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸದ ಮೇಷ್ಟ್ರಲ್ಲ. ಹದಿನೇಳು ವರ್ಷ ಟಿ-55 ಟ್ಯಾಂಕ್ ಓಡಿಸಿ, ದಫೇದಾರನಾಗಿ ಪಿಂಚಣಿಗೆ ಬಂದವನು. ನನಗೆ ಯುದ್ಧ ಕಾಣುವುದು ಡ್ರೈವರ್ ಸೀಟಿನಿಂದ.

ಪ್ರಶ್ನೆ: ಅಮೆರಿಕದ ಶೆರ್ಮನ್ ಟ್ಯಾಂಕ್ ಜರ್ಮನರ ಪ್ಯಾಂಥರ್ ಟ್ಯಾಂಕ್ ಮುಂದೆ ಬರೀ ತಗಡಿನ ಡಬ್ಬ ಅಂತ ಓದಿದ್ದೇನೆ. ಹಾಗಿದ್ದರೆ ನಿಮ್ಮ 4ನೇ ಡಿವಿಷನ್ ಅರಾಕೂರ್‌ನಲ್ಲಿ ಗೆದ್ದಿದ್ದು ಹೇಗೆ? ಅದೃಷ್ಟವೇ? (ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ನೀವು ಓದಿದ್ದರಲ್ಲಿ ಅರ್ಧ ನಿಜ. ಶೆರ್ಮನ್ ತೂಕ ಸುಮಾರು 30 ಟನ್, ಪ್ಯಾಂಥರ್ 45. ಪ್ಯಾಂಥರ್‌ನ ಮುಂಭಾಗದ ಉಕ್ಕು ಇಳಿಜಾರಾಗಿತ್ತು. ಶೆರ್ಮನ್‌ನ 75 ಮಿ.ಮೀ. ಗುಂಡು ಅದಕ್ಕೆ ಬಡಿದರೆ ಜಾರಿ ಹೋಗುತ್ತಿತ್ತು. ಎದುರು ಬದುರು ಬಯಲಲ್ಲಿ ನಿಂತು ಹೊಡೆದಾಡಿದ್ದರೆ ಶೆರ್ಮನ್ ಕಥೆ ಮುಗೀತು.

ಆದರೆ ಹಾಗೆ ನಿಂತು ಹೊಡೆದಾಡುವವರು ಯಾರು? ಪ್ಯಾಂಥರ್‌ನ ಪಕ್ಕೆ ತೆಳು. ಅದರ ಟರೆಟ್, ಅಂದರೆ ಮೇಲೆ ನಳಿಗೆ ಹೊತ್ತು ತಿರುಗುವ ಗೋಪುರ, ತಿರುಗುವುದು ನಿಧಾನ. ಶೆರ್ಮನ್‌ನ ಟರೆಟ್ ಮೋಟಾರಿನಿಂದ ಚಕ್ಕನೆ ತಿರುಗುತ್ತದೆ. ಅಂದರೆ ನೀನು ಮೊದಲು ನೋಡಬೇಕು, ಮೊದಲು ಹೊಡೆಯಬೇಕು, ಪಕ್ಕಕ್ಕೇ ಹೊಡೆಯಬೇಕು. ಇದು ಕಾಗದದ ಮೇಲೆ ಸುಲಭ.

ಅರಾಕೂರ್ ಇರುವುದು ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ, ನಾನ್ಸಿ ಪಟ್ಟಣದ ಪೂರ್ವಕ್ಕೆ. 1944ರ ಸೆಪ್ಟೆಂಬರ್ 19ರ ಬೆಳಿಗ್ಗೆ ಅಲ್ಲಿ ದಟ್ಟ ಮಂಜು. 4ನೇ ಡಿವಿಷನ್ನಿನ ಒಂದು ಭಾಗ, ಕರ್ನಲ್ ಬ್ರೂಸ್ ಕ್ಲಾರ್ಕ್ ಅವರ ಕೈಕೆಳಗೆ, ದಿಬ್ಬಗಳ ಮೇಲೆ ಚದುರಿ ನಿಂತಿತ್ತು. ಜರ್ಮನ್ ಜನರಲ್ ಮಾಂಟೊಯ್ಫೆಲ್ ಕಳಿಸಿದ್ದು ಹೊಸದಾಗಿ ಕಟ್ಟಿದ ಪಾಂಜರ್ ಬ್ರಿಗೇಡ್, ಅಂದರೆ ಟ್ಯಾಂಕ್ ದಳ. ಟ್ಯಾಂಕ್ ಕಾರ್ಖಾನೆಯಿಂದ ಬಂದದ್ದು, ಹುಡುಗರು ತರಬೇತಿ ಅರ್ಧಕ್ಕೆ ಬಿಟ್ಟು ಬಂದವರು. ಮುಂದೆ ಏನಿದೆ ಅಂತ ನೋಡಿಕೊಂಡು ಬರಲು ಅವರ ಬಳಿ ಸರಿಯಾದ ಬೇಹು ತುಕಡಿಯೇ ಇರಲಿಲ್ಲ. ಮಂಜಿದ್ದರೆ ಅಮೆರಿಕನ್ನರ ವಿಮಾನ ಹಾರುವುದಿಲ್ಲ, ನಮಗೇ ಲಾಭ ಅಂದುಕೊಂಡು ಬಂದರು. ಆದರೆ ದೂರದಿಂದ ಹೊಡೆಯುವ ಪ್ಯಾಂಥರ್‌ಗೆ ಮಂಜಿನಲ್ಲಿ ದೂರ ಎಲ್ಲಿ ಕಾಣುತ್ತದೆ? ಒಂದು ಕಡೆಯಂತೂ ಅಮೆರಿಕದ ಹೆಲ್‌ಕ್ಯಾಟ್ ಟ್ಯಾಂಕ್-ನಾಶಕಗಳ ತುಕಡಿಯ ಅಧಿಕಾರಿಗೆ ಮರಗಳ ಸಂದಿಯಿಂದ ಜರ್ಮನ್ ಟ್ಯಾಂಕಿನ ನಳಿಗೆ ಇಣುಕಿದ್ದು ಕಂಡಿತು. ಎಷ್ಟು ದೂರ ಗೊತ್ತಾ? ಮೂವತ್ತಡಿಯೂ ಇಲ್ಲ. ನಮ್ಮ ಮನೆ ಅಂಗಳದಷ್ಟು.

ನನಗೆ ಇಷ್ಟವಾದ ಕಥೆ ಕ್ಯಾಪ್ಟನ್ ಲ್ಯಾಮಿಸನ್ ಅವರದು. ಎಂಟು ಪ್ಯಾಂಥರ್ ಬರುತ್ತಿವೆ. ಬೆಜಾಂಜ್ ಹಳ್ಳಿಯ ಪಶ್ಚಿಮಕ್ಕೆ ಒಂದು ದಿಬ್ಬವಿದೆ, ಅದನ್ನು ಹಿಡಿದವನಿಗೆ ಕೆಳಗಿನದೆಲ್ಲ ಕಾಣುತ್ತದೆ. ಲ್ಯಾಮಿಸನ್ ನಾಲ್ಕು ಶೆರ್ಮನ್ ಕಟ್ಟಿಕೊಂಡು ಆ ದಿಬ್ಬಕ್ಕೆ ಓಡಿದರು. ಪ್ಯಾಂಥರ್‌ಗಳು ಬರುವುದಕ್ಕೆ ಸುಮಾರು ಮೂರು ನಿಮಿಷ ಮೊದಲು ತಲುಪಿದರು. ಆ ಮೂರು ನಿಮಿಷ ಎಲ್ಲಿಂದ ಬಂತು? ಆ ನೆಲ ಅವರಿಗೆ ಗೊತ್ತಿತ್ತು. ಅಲ್ಲೇ ಬೀಡುಬಿಟ್ಟಿದ್ದರಲ್ವಾ! ಜರ್ಮನರು ತಿರುಗಿ ಗುಂಡು ಹಾರಿಸುವ ಮೊದಲೇ ನಾಲ್ಕು ಪ್ಯಾಂಥರ್ ಹೋದವು. ಶೆರ್ಮನ್‌ಗಳು ದಿಬ್ಬದ ಹಿಂದಕ್ಕೆ ಜಾರಿ, ಸ್ವಲ್ಪ ದಕ್ಷಿಣಕ್ಕೆ ಸರಿದು, ಬೇರೆ ಜಾಗದಲ್ಲಿ ತಲೆ ಎತ್ತಿದವು. ಉಳಿದ ನಾಲ್ಕೂ ಹೋದವು.

ಆ 'ಹಿಂದಕ್ಕೆ ಜಾರಿ' ಅನ್ನುವ ಎರಡು ಪದ ಓದಿದಾಗ ನನ್ನ ಭುಜ ನೋಯುತ್ತದೆ. ಟ್ಯಾಂಕನ್ನು ರಿವರ್ಸ್ ತೆಗೆಯುವಾಗ ಡ್ರೈವರ್‌ಗೆ ಹಿಂದೆ ಏನೂ ಕಾಣುವುದಿಲ್ಲ. ಮೇಲಿನಿಂದ ಕಮಾಂಡರ್ ಕಿವಿಯಲ್ಲಿ "ಎಡಕ್ಕೆ, ಎಡಕ್ಕೆ, ನಿಲ್ಲು" ಅಂತ ಹೇಳಬೇಕು, ಇವನು ಕಣ್ಣು ಮುಚ್ಚಿ ನಂಬಬೇಕು. ರಾಜಸ್ಥಾನದ ಮರಳಲ್ಲಿ ಒಮ್ಮೆ ನಾನು ನಂಬದೆ ನನ್ನದೇ ಲೆಕ್ಕದಲ್ಲಿ ತಿರುಗಿಸಿದೆ. ಚೈನು ಕಳಚಿ ಬಿತ್ತು. ನಾಲ್ಕೂ ಜನ ಮಧ್ಯಾಹ್ನ ಪೂರ್ತಿ ಸುತ್ತಿಗೆ, ಹಾರೆ ಹಿಡಿದು ಕೂತಿದ್ದೆವು. ಅಲ್ಲಿ ಶತ್ರು ಇರಲಿಲ್ಲ, ಬಯ್ಗುಳ ಮಾತ್ರ ಇತ್ತು.

ಹತ್ತು ದಿನ ನಡೆದ ಈ ಕಾಳಗಕ್ಕೆ ಜರ್ಮನರು ಇಳಿಸಿದ್ದು 262 ಟ್ಯಾಂಕ್ ಮತ್ತು ಅಸಾಲ್ಟ್ ಗನ್ (ಟರೆಟ್ ಇಲ್ಲದ ಟ್ಯಾಂಕಿನಂಥ ಫಿರಂಗಿ ಗಾಡಿ). ಅದರಲ್ಲಿ 86 ನಾಶವಾದವು, 114 ಪೆಟ್ಟು ತಿಂದೋ ಕೆಟ್ಟೋ ನಿಂತವು. ತಿಂಗಳ ಕೊನೆಗೆ ಓಡುವ ಸ್ಥಿತಿಯಲ್ಲಿದ್ದವು 62. ಇದನ್ನು ಅದೃಷ್ಟ ಅಂತ ನಾನು ಒಪ್ಪುವುದಿಲ್ಲ.

ಪ್ರಶ್ನೆ: ವಿಮಾನಕ್ಕೆ ಬಜೂಕಾ ಕಟ್ಟಿಕೊಂಡು ಟ್ಯಾಂಕ್ ಹೊಡೆದ ಮೇಷ್ಟ್ರು ಇದೇ ಡಿವಿಷನ್ನಿನವರಂತೆ. ಕಟ್ಟುಕಥೆ ಅಲ್ವಾ? (ನಿವೃತ್ತ ಶಿಕ್ಷಕಿ, ಶಿರಸಿ)

ಅಲ್ಲ ಮೇಡಂ, ನಿಜವೇ. ಮೇಜರ್ ಚಾರ್ಲ್ಸ್ ಕಾರ್ಪೆಂಟರ್. ಇಲಿನಾಯ್ ರಾಜ್ಯದಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಅವರಿಗೆ ಕೊಟ್ಟಿದ್ದು ಬಟ್ಟೆ ಹೊದಿಸಿದ ಪುಟ್ಟ ಪೈಪರ್ ವಿಮಾನ. ಮೇಲಿಂದ ನೋಡಿ ಫಿರಂಗಿಯವರಿಗೆ ಗುರಿ ಹೇಳುವುದಷ್ಟೇ ಕೆಲಸ. ಇವರು ರೆಕ್ಕೆಯ ಕಂಬಿಗಳಿಗೆ ಆ ಕಡೆ ಮೂರು ಈ ಕಡೆ ಮೂರು ಬಜೂಕಾ, ಅಂದರೆ ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಕೊಳವೆ, ಬಿಗಿಸಿದರು. ಅರಾಕೂರ್‌ನಲ್ಲಿ ಮಂಜು ಹರಿದ ಮೇಲೆ ಜರ್ಮನ್ ಟ್ಯಾಂಕ್‌ಗಳ ಮೇಲೆ ಎರಗಿದರು. ಟ್ಯಾಂಕಿನ ನೆತ್ತಿ ತೆಳು, ಅದೇ ಲೆಕ್ಕ. ಆ ವಿಮಾನದ ಹೆಸರು 'ರೋಸಿ ದ ರಾಕೆಟರ್'. ಎಷ್ಟೋ ವರ್ಷ ಆಸ್ಟ್ರಿಯಾದ ಒಂದು ಮ್ಯೂಸಿಯಂನಲ್ಲಿ ಬೇರೆ ವೇಷದಲ್ಲಿತ್ತು. ಗುರುತು ಹಿಡಿದು ಅಮೆರಿಕಕ್ಕೆ ತಂದು ರಿಪೇರಿ ಮಾಡಿದ್ದಾರೆ. ಯುದ್ಧ ಮುಗಿದ ಮೇಲೆ ಅವರು ಮತ್ತೆ ಪಾಠ ಹೇಳಲು ಹೋದರು. ನಿಮ್ಮ ಕುಲದವರೇ!

ಪ್ರಶ್ನೆ: ಬೇರೆ ಡಿವಿಷನ್‌ಗಳಿಗೆಲ್ಲ 'ಹೆಲ್ ಆನ್ ವೀಲ್ಸ್', 'ಸ್ಪಿಯರ್‌ಹೆಡ್' ಅಂತ ಜೋರು ಅಡ್ಡಹೆಸರು. ಇವರಿಗೇಕಿಲ್ಲ? (ಬಳ್ಳಾರಿ)

ಬೇಡ ಅಂದರು. '4ನೇ ಆರ್ಮರ್ಡ್ ಅಂದರೆ ಸಾಕು' ಅನ್ನುವುದೇ ಅವರ ಹೆಸರಾಯಿತು. ಡಿವಿಷನ್ನಿಗೆ ಇಡಿಯಾಗಿ ರಾಷ್ಟ್ರಾಧ್ಯಕ್ಷರ ಗೌರವ ಪತ್ರ ಬಂತು. ಅದು ಇಡೀ ಡಿವಿಷನ್ನಿಗೆ ಸಿಗುವುದು ಅಪರೂಪ. ಪ್ಯಾರಾಚೂಟ್ ಸೈನಿಕರ 101ನೇ ಏರ್‌ಬೋರ್ನ್‌ ಡಿವಿಷನ್ನಿಗೂ ಸಿಕ್ಕಿತ್ತು.

ಪ್ರಶ್ನೆ: ಬಾಸ್ಟೋನ್ ಮುತ್ತಿಗೆ ಒಡೆದಿದ್ದು ಜನರಲ್ ಪ್ಯಾಟನ್ ಅಂತಾರೆ, ಏಬ್ರಮ್ಸ್ ಅಂತಾರೆ. ಊರೊಳಗೆ ಮೊದಲು ಹೋಗಿದ್ದು ಯಾರು? (ಲಾರಿ ಮಾಲೀಕರು, ದಾವಣಗೆರೆ)

ನಿಮಗೆ ಉತ್ತರ ಇಷ್ಟವಾಗುತ್ತದೆ. ಮೊದಲು ಹೋಗಿದ್ದು ಒಬ್ಬ ಡ್ರೈವರ್! ಹೆಸರು ಹ್ಯೂಬರ್ಟ್ ಸ್ಮಿತ್.

1944ರ ಡಿಸೆಂಬರಿನಲ್ಲಿ ಜರ್ಮನರು ಬೆಲ್ಜಿಯಂನ ಆರ್ಡೆನ್ ಕಾಡಿನಿಂದ ನುಗ್ಗಿ, ಬಾಸ್ಟೋನ್ ಪಟ್ಟಣದಲ್ಲಿ 101ನೇ ಏರ್‌ಬೋರ್ನ್ ಪಡೆಯನ್ನು ಸುತ್ತುವರಿದಿದ್ದರು. 4ನೇ ಡಿವಿಷನ್ ಇದ್ದದ್ದು ಜನರಲ್ ಪ್ಯಾಟನ್ ಸೇನೆಯಲ್ಲಿ, ಅವರು ಉತ್ತರಕ್ಕೆ ತಿರುಗಿ ಅಂದರು. ಸುಮಾರು 240 ಕಿ.ಮೀ. ದಾರಿ, ಚಳಿಗಾಲ, 19 ತಾಸಿನಲ್ಲಿ ಮುಗಿಸಿದರು. ಲಾರಿಯವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಚೈನಿನ ಗಾಡಿಯಲ್ಲಿ, ದೀಪ ಮರೆಮಾಡಿಕೊಂಡು, ಸಾಲಿನಲ್ಲಿ ಹೋಗಿ ನೋಡಿ.

ದಾಳಿ ಶುರುವಾಗಿದ್ದು ಡಿಸೆಂಬರ್ 22ಕ್ಕೆ. ಒಂದೊಂದು ಹಳ್ಳಿಗೂ ಹೊಡೆದಾಟ. ಮಾರ್ಟೆಲಾಂಜ್, ವಾರ್ನಾಕ್, ಬಿಗೊನ್‌ವಿಲ್. ಶೋಮೋಂ ಹಳ್ಳಿಯಲ್ಲಂತೂ ಒಂದೇ ದಿನ ಹನ್ನೊಂದು ಟ್ಯಾಂಕ್ ಕಳೆದುಕೊಂಡು ವಾಪಸ್ ಬಂದರು. 26ರ ಹೊತ್ತಿಗೆ ಕ್ರೈಟನ್ ಏಬ್ರಮ್ಸ್ ಅವರ 37ನೇ ಟ್ಯಾಂಕ್ ಬೆಟಾಲಿಯನ್ನಿನಲ್ಲಿ ಉಳಿದಿದ್ದು ಇಪ್ಪತ್ತು ಶೆರ್ಮನ್. ಜೊತೆಗಿದ್ದ ಕಾಲಾಳು ಬೆಟಾಲಿಯನ್ನಿನಲ್ಲಿ 230 ಜನ ಕಡಿಮೆ. ಅವರಿಗೆ ಹೇಳಿದ್ದು ಸಿಬ್ರೆ ಎಂಬ ಹಳ್ಳಿ ಹಿಡಿಯಲು. ಆಗ ತಲೆ ಮೇಲೆ ಸರಕಿನ ವಿಮಾನಗಳು ಬಾಸ್ಟೋನ್ ಕಡೆ ಹೋಗಿ ಪ್ಯಾರಾಚೂಟ್ ಬಿಡುವುದು ಕಂಡಿತು. ಒಳಗಿನವರ ಪಾಡು ಏನಾಗಿರಬೇಕು! ಏಬ್ರಮ್ಸ್ ಸಿಬ್ರೆ ಬಿಟ್ಟರು. ಅಸೆನ್ವಾ ಹಳ್ಳಿಯ ಮೂಲಕ ನೇರ ಬಾಸ್ಟೋನ್‌ಗೇ ಹೊರಟರು.

ಮುಂದಿದ್ದ ಟ್ಯಾಂಕ್ 'ಕೋಬ್ರಾ ಕಿಂಗ್'. 'ಜಂಬೋ' ಅನ್ನುವ ಶೆರ್ಮನ್, ಉಕ್ಕು ಜಾಸ್ತಿ, ತೂಕ ಸುಮಾರು 38 ಟನ್. ಕಮಾಂಡರ್ ಲೆಫ್ಟಿನೆಂಟ್ ಚಾರ್ಲ್ಸ್ ಬಾಗಸ್. ಅಸೆನ್ವಾ ಮೇಲೆ ಹದಿಮೂರು ಬ್ಯಾಟರಿ, ಅಂದರೆ ಫಿರಂಗಿ ತುಕಡಿಗಳು, ಒಟ್ಟಿಗೆ ಗುಡುಗಿದವು. ತಮ್ಮದೇ ಶೆಲ್ ಬೀಳುವುದು ನಿಲ್ಲುವ ಮೊದಲೇ ಬಾಗಸ್ ಊರು ಹೊಕ್ಕರು. ಹೊಗೆ, ಧೂಳು, ಕುಸಿದ ಮನೆ. ಅಷ್ಟು ಭಾರದ ಗಾಡಿಯನ್ನು ಆ ಬೀದಿಯಲ್ಲಿ ಆಚೀಚೆ ತಿರುಗಿಸಿ ದಾಟಿಸಿದ್ದು ಸ್ಮಿತ್. ಇವರು ಮುಂದೆ ಹೋದರು, ಹಿಂದಿನವರು ದೂರ ಉಳಿದರು. ಆ ಸಂದಿಯಲ್ಲಿ ಜರ್ಮನರು ಓಡಿ ಬಂದು ರಸ್ತೆ ಮೇಲೆ ನೆಲಬಾಂಬ್ ಎಸೆದರು. ಹಿಂದೆ ಬರುತ್ತಿದ್ದ ಹಾಫ್‌ಟ್ರ್ಯಾಕ್ (ಮುಂದೆ ಗಾಲಿ, ಹಿಂದೆ ಚೈನು ಇರುವ ಗಾಡಿ) ಒಂದು ಚೂರಾಯಿತು. ಕ್ಯಾಪ್ಟನ್ ಡ್ವೈಟ್ ತಮ್ಮ ಟ್ಯಾಂಕ್ ರಸ್ತೆ ಪಕ್ಕಕ್ಕೆ ಇಳಿಸಿ, ಆಳುಗಳಿಂದ ಬಾಂಬ್ ಎತ್ತಿ ಹಾಕಿಸಿ ಮುಂದೆ ಬಂದರು.

ಸಂಜೆ 4.50. ಕಾಡಿನಂಚಿನಲ್ಲಿ ಒಂದು ಪಿಲ್‌ಬಾಕ್ಸ್, ಅಂದರೆ ಗುಂಡು ಹಾರಿಸಲು ಕಟ್ಟಿದ ಕಾಂಕ್ರೀಟ್ ಗೂಡು, ಅದಕ್ಕೆ ಹೊಡೆದರು. ಆಚೆ ಕಂದಕಗಳಲ್ಲಿ ಅಮೆರಿಕದ ಸಮವಸ್ತ್ರದವರು ಕಂಡರು. ಬಾಗಸ್ ಕೂಗಿ ಕರೆದರು. ಯಾರೂ ಅಲುಗಾಡಲಿಲ್ಲ. ಆ ದಿನಗಳಲ್ಲಿ ಜರ್ಮನರು ಅಮೆರಿಕನ್ ಬಟ್ಟೆ ಹಾಕಿಕೊಂಡು ಮೋಸ ಮಾಡುತ್ತಿದ್ದರು, ಯಾರನ್ನು ನಂಬುವುದು? ಕೊನೆಗೆ ಒಬ್ಬರು ಎದ್ದು ಬಂದರು. 101ನೇ ಡಿವಿಷನ್ನಿನ ಇಂಜಿನಿಯರ್ ದಳದ ಲೆಫ್ಟಿನೆಂಟ್ ವೆಬ್‌ಸ್ಟರ್. ಮುತ್ತಿಗೆ ಒಡೆದಿದ್ದು ಆ ಕ್ಷಣಕ್ಕೆ.

ಕೋಬ್ರಾ ಕಿಂಗ್ ಎಷ್ಟೋ ವರ್ಷ ಜರ್ಮನಿಯ ಫಿಲ್ಸೆಕ್ ಎಂಬ ಕಡೆ ಅಮೆರಿಕನ್ ಸೇನಾ ನೆಲೆಯಲ್ಲಿ ಸುಮ್ನೆ ಅಲಂಕಾರಕ್ಕೆ ನಿಂತಿತ್ತು, ಇದು ಅದೇ ಅಂತ ಯಾರಿಗೂ ಗೊತ್ತಿರಲಿಲ್ಲ! ಈಗ ವರ್ಜೀನಿಯಾದ ಸೇನಾ ಮ್ಯೂಸಿಯಂನಲ್ಲಿದೆ. ಏಬ್ರಮ್ಸ್ ಮುಂದೆ ಅಮೆರಿಕದ ಭೂಸೇನಾ ಮುಖ್ಯಸ್ಥರಾದರು, ಈಗಿನ ಟ್ಯಾಂಕಿಗೆ ಅವರ ಹೆಸರೇ. ಸ್ಮಿತ್ ಹೆಸರು ಯಾವ ಟ್ಯಾಂಕಿಗೂ ಇಟ್ಟಿಲ್ಲ. ನನಗೆ ಹೊಟ್ಟೆಯುರಿ ಅನ್ನಿ.

ಪ್ರಶ್ನೆ: ಬರೀ ಗೆದ್ದಿದ್ದೇ ಬರೆಯುತ್ತೀರಿ. ಇವರು ಸೋತೇ ಇಲ್ಲವೇ? (ಓದುಗರು, ಮಂಡ್ಯ)

ಸೋತಿದ್ದಾರೆ, ಚೆನ್ನಾಗಿಯೇ ಸೋತಿದ್ದಾರೆ. 1945ರ ಮಾರ್ಚ್ ಕೊನೆ. ಹಾಮೆಲ್‌ಬುರ್ಗ್ ಎಂಬಲ್ಲಿ ಜರ್ಮನರ ಯುದ್ಧಕೈದಿ ಶಿಬಿರವಿತ್ತು. ಶತ್ರುವಿನ ನೆಲದಲ್ಲಿ ಸುಮಾರು 80 ಕಿ.ಮೀ. ಒಳಗೆ. ಪ್ಯಾಟನ್ ಅಲ್ಲಿಗೆ ಕ್ಯಾಪ್ಟನ್ ಅಬ್ರಹಾಂ ಬಾಮ್ ಕೈಯಲ್ಲಿ 16 ಟ್ಯಾಂಕ್, ಸುಮಾರು 300 ಜನ ಕೊಟ್ಟು ಕಳಿಸಿದರು. ಆ ಶಿಬಿರದಲ್ಲಿ ಪ್ಯಾಟನ್ ಅವರ ಅಳಿಯ ಜಾನ್ ವಾಟರ್ಸ್ ಇದ್ದರು. ಅದಕ್ಕೇ ಕಳಿಸಿದರು ಅಂತ ಜನ ಆಡಿಕೊಂಡರು, ಆಡಿಕೊಳ್ಳದೆ ಇರುತ್ತಾರಾ?

ಶಿಬಿರ ತಲುಪಿದರು. ಆದರೆ ಲೆಕ್ಕ ತಪ್ಪಿತ್ತು. ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಕೈದಿಗಳಿದ್ದರು, ಗಾಡಿಗಳಲ್ಲಿ ಜಾಗವಿಲ್ಲ. ಬಿಳಿ ಬಾವುಟ ಹಿಡಿದು ಹೊರಬಂದ ಅಳಿಯನಿಗೇ ಗುಂಡು ಬಿತ್ತು, ಅವರು ಅಲ್ಲೇ ಉಳಿಯಬೇಕಾಯಿತು. ವಾಪಸ್ ಬರುವಾಗ ಜರ್ಮನರು ಮುತ್ತಿದರು. ಟ್ಯಾಂಕ್ ಒಂದೂ ಉಳಿಯಲಿಲ್ಲ. ಬಾಮ್ ಗಾಯಗೊಂಡು ಸೆರೆಯಾದರು, ಅವರ ಜನರಲ್ಲಿ ಹೆಚ್ಚಿನವರೂ ಸೆರೆ. ಏಪ್ರಿಲ್ 6ಕ್ಕೆ ಬೇರೆ ಡಿವಿಷನ್, 14ನೆಯದು, ಬಂದು ಆ ಶಿಬಿರ ಬಿಡಿಸಿತು.

ನನಗೆ ಇಲ್ಲಿ ಕಾಣುವುದು ಪೆಟ್ರೋಲ್. ಶೆರ್ಮನ್ ಕಿಲೋಮೀಟರಿಗೆ ನಾಲ್ಕು ಲೀಟರ್ ಕುಡಿಯುತ್ತದೆ. ಒಂದು ಜೆರಿಕ್ಯಾನ್ 20 ಲೀಟರ್, ಅಂದರೆ ಐದೇ ಕಿ.ಮೀ. ಹೋಗುವ ದಾರಿಗೆ ಎಷ್ಟು, ಬರುವ ದಾರಿಗೆ ಎಷ್ಟು, ರಾತ್ರಿ ದಾರಿ ತಪ್ಪಿದರೆ ಎಷ್ಟು? ಹಿಂದಿನ ವರ್ಷ ಆಗಸ್ಟ್ ಕೊನೆಯಲ್ಲೂ ಇದೇ ಡಿವಿಷನ್ ಮ್ಯೂಜ್ ನದಿ ದಾಟಿ, ಪೆಟ್ರೋಲ್ ಸಾಲದೆ ನಿಂತಿತ್ತು. ಆಗ ಸುತ್ತ ತಮ್ಮವರಿದ್ದರು, ಈಗ ಇರಲಿಲ್ಲ.

ಹಾಮೆಲ್‌ಬುರ್ಗ್‌ನಲ್ಲಿ ಸೋತ ಒಂದು ವಾರಕ್ಕೆ, ಏಪ್ರಿಲ್ 4ರಂದು, ಡಿವಿಷನ್ನಿನ ತುಕಡಿಗಳು ಓರ್‌ಡ್ರುಫ್ ಸೇರಿದವು. ಅಮೆರಿಕನ್ ಸೇನೆ ಬಿಡಿಸಿದ ಮೊದಲ ನಾಜಿ ಯಾತನಾ ಶಿಬಿರ ಅದು. ಅಂಗಳದಲ್ಲಿ ಹೆಣಗಳು ಬಿದ್ದಿದ್ದವು. ಏಪ್ರಿಲ್ 12ಕ್ಕೆ ಜನರಲ್‌ಗಳಾದ ಐಸೆನ್‌ಹೋವರ್, ಬ್ರಾಡ್ಲಿ, ಪ್ಯಾಟನ್ ಮೂವರೂ ಬಂದು ನೋಡಿದರು. ಇದರ ಬಗ್ಗೆ ಡ್ರೈವರ್ ಸೀಟಿನಿಂದ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಪ್ರಶ್ನೆ: ಅಂಕಲ್, 1965ರಲ್ಲಿ ನಮ್ಮವರು ಹೊಡೆದ ಪ್ಯಾಟನ್ ಟ್ಯಾಂಕಿಗೂ ಈ ಪ್ಯಾಟನ್‌ಗೂ ಸಂಬಂಧ ಇದೆಯಾ? ಎಲ್ಲಿ ನೋಡಬಹುದು? (8ನೇ ತರಗತಿ, ಚಿಕ್ಕಮಗಳೂರು)

ಇದೆ ಮರಿ. ಆ ಟ್ಯಾಂಕಿಗೆ ಈ ಜನರಲ್ ಹೆಸರೇ ಇಟ್ಟಿದ್ದು. ಅಮೆರಿಕ ಅದನ್ನು ಪಾಕಿಸ್ತಾನಕ್ಕೆ ಕೊಟ್ಟಿತ್ತು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ನಮ್ಮವರು ಕಬ್ಬಿನ ಗದ್ದೆಯಲ್ಲಿ ಅಡಗಿ ಕೂತು ಪ್ಯಾಟನ್‌ಗಳನ್ನು ಹೊಡೆದರು. ಅಲ್ಲಿದ್ದ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಬಳಿ ಯಾವ ಟ್ಯಾಂಕ್ ಇತ್ತು ಗೊತ್ತಾ? ಹಳೇ ಶೆರ್ಮನ್! ಮೇಲೆ ಹಾಸನದ ಅಣ್ಣ 'ತಗಡಿನ ಡಬ್ಬ' ಅಂದರಲ್ಲ, ಅದೇ.

ನೋಡಬೇಕಾದರೆ ಮಹಾರಾಷ್ಟ್ರದ ಅಹಮದ್‌ನಗರಕ್ಕೆ ಹೋಗಬೇಕು, ಈಗ ಅಹಿಲ್ಯಾನಗರ ಅಂತಾರೆ. ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ಎರಡೂ ಇವೆ. ಬೇಸಿಗೆ ರಜೆಯಲ್ಲಿ ಹೋಗಬೇಡ, ಬಿಸಿಲಿಗೆ ನಿಂತ ಟ್ಯಾಂಕ್ ಮುಟ್ಟಿದರೆ ಕೈ ಸುಡುತ್ತದೆ. ದಸರಾ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಹೋಗು. ಎಲ್ಲರೂ ನಳಿಗೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀನು ಮುಂಭಾಗದಲ್ಲಿ ಡ್ರೈವರ್ ಇಳಿಯುವ ತೂತು ಎಲ್ಲಿದೆ ಅಂತ ಹುಡುಕಿ, ಎಷ್ಟು ಗೇಣು ಅಗಲವಿದೆ ಅಂತ ಬರೆದು ಕಳಿಸು.