ಎಲ್ಲರೂ ‘ಒಪ್ಪುತ್ತೇನೆ’ ಅಂದರೆ ಏನು ಮಾಡೋದು?

ವಿಕಲಚೇತನರ ಬಗ್ಗೆ ಇರುವ ಮನೋಭಾವ ಅಳೆಯಲು ದಾವಣಗೆರೆಯ ಕಾಲೇಜು ಹುಡುಗರಿಗೆ ಕೊಟ್ಟ ಪ್ರಶ್ನಾವಳಿಯಲ್ಲಿ ಎಲ್ಲರೂ ‘ಒಪ್ಪುತ್ತೇನೆ’ಗೇ ಟಿಕ್ ಹಾಕಿದ್ದಾರೆ ಅಂದಿದ್ದೀರಿ. ತಪ್ಪು ಹುಡುಗರದ್ದಲ್ಲ, ಪ್ರಶ್ನೆಯದ್ದು. ‘ವಿಕಲಚೇತನರಿಗೂ ಕೆಲಸದಲ್ಲಿ ಸಮಾನ ಅವಕಾಶ ಬೇಕು’ ಅಂದರೆ ಬೇಡ ಅನ್ನುವವರು ಯಾರು? ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡುವಾಗ ನಾನೂ ಹೀಗೇ ಎಡವಿದ್ದೆ. ಆಮೇಲೆ ಬದಲಿಸಿದೆ: ‘ನಿಮ್ಮ ಅಂಗಡಿಯ ಗಲ್ಲಾದಲ್ಲಿ ಕಿವಿ ಕೇಳದವರನ್ನು ಕೂರಿಸುತ್ತೀರಾ?’ ಒಬ್ಬ ಹುಡುಗ ಪೆನ್ನಿನ ಕ್ಯಾಪ್ ಕಚ್ಚಿಕೊಂಡು ಸುಮ್ನೆ ಕೂತುಬಿಟ್ಟ. ಅದೇ ಬೇಕಿದ್ದದ್ದು, ಅಲ್ವಾ?

ಅಮೆರಿಕದ ಸಮಾಜಶಾಸ್ತ್ರಜ್ಞ ಬೊಗಾರ್ಡಸ್ 1925ರಲ್ಲಿ ಪ್ರಕಟಿಸಿದ ಸಾಮಾಜಿಕ ಅಂತರದ ಅಳತೆಪಟ್ಟಿ ನೋಡಿ. ಇಂಥವರನ್ನು ಸಹೋದ್ಯೋಗಿಯಾಗಿ ಒಪ್ಪುತ್ತೀರಾ, ನೆರೆಮನೆಯಲ್ಲಿ, ಮದುವೆ ಸಂಬಂಧದಲ್ಲಿ ಅಂತ ಪ್ರಶ್ನೆ ಹತ್ತಿರ ಹತ್ತಿರ ಬರುತ್ತದೆ. ಎಷ್ಟು ಒಪ್ಪುತ್ತೀರಿ ಅಂತ 1ರಿಂದ 5ರವರೆಗೆ ಅಂಕ ಕೊಡುವ ಲೈಕರ್ಟ್ ಮಾದರಿಯೇ ಬೇಕಿದ್ದರೆ ಅರ್ಧದಷ್ಟು ವಾಕ್ಯಗಳನ್ನು ಉಲ್ಟಾ ಅರ್ಥ ಬರುವಂತೆ ಬರೆಯಿರಿ. ಅಂಕ ಕೊಡುವಾಗ ಅವುಗಳ 5 ಅನ್ನು 1 ಮಾಡುವುದು ಮರೆಯಬೇಡಿ. ಹೆಸರಿನ ಕಾಲಂ ತೆಗೆದುಬಿಡಿ. ಮೇಷ್ಟ್ರನ್ನೂ ಕೋಣೆಯಿಂದ ಆಚೆ ಕಳಿಸಿ.