ಡಾರ್ಟ್‌ಮುಂಡ್‌ನ ‘ಹಳದಿ ಗೋಡೆ’ಯಿಂದ ಅಷ್ಟು ಸದ್ದು ಬರುವುದು ಹೇಗೆ?

ಮುಖ್ಯ ಕಾರಣ, ಅಲ್ಲಿ ಯಾರೂ ಕೂರುವುದಿಲ್ಲ. ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮುಂಡ್ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂ ಶುರುವಾಗಿದ್ದು 1974ರಲ್ಲಿ. ಅದರ ದಕ್ಷಿಣ ಸ್ಟ್ಯಾಂಡೇ ಈ ‘ಹಳದಿ ಗೋಡೆ’. ಅಲ್ಲಿ ಈಗ ಸುಮಾರು 25,000 ಜನ ಮೈಗೆ ಮೈ ತಾಗಿಸಿಕೊಂಡು ನಿಂತೇ ಆಟ ನೋಡುತ್ತಾರೆ. ನಿಂತು ನೋಡುವ ಸ್ಟ್ಯಾಂಡುಗಳಲ್ಲಿ ಯುರೋಪಿಗೇ ಇದು ದೊಡ್ಡದು. ನಿಂತವರಿಗೆ ಉಸಿರು ತುಂಬಿ ಕೂಗಲು ಸಲೀಸು. ಮೆಟ್ಟಿಲು ಕಡಿದಾಗಿವೆ, ಮೇಲೆ ಚಾವಣಿ ಇದೆ. ಹಾಗಾಗಿ ಸದ್ದು ಆಕಾಶಕ್ಕೆ ಸೋರಿಹೋಗದೆ ಮೈದಾನದ ಕಡೆ ತಿರುಗುತ್ತದೆ. ಟಿಕೆಟ್ಟೂ ಕುರ್ಚಿಯದಕ್ಕಿಂತ ಅಗ್ಗ.

ನಿಜವಾದ ಕಷ್ಟ ಇರುವುದು ತಾಳದಲ್ಲಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸ್ಟ್ಯಾಂಡಿನ ಅಗಲ ಸುಮಾರು 100 ಮೀಟರ್. ಒಂದು ತುದಿಯಲ್ಲಿ ಡ್ರಮ್ ಬಾರಿಸಿದರೆ ಇನ್ನೊಂದು ತುದಿಗೆ 0.3 ಸೆಕೆಂಡು ತಡವಾಗಿ ಕೇಳುತ್ತದೆ. ಅಷ್ಟು ಸಾಕು, ಚಪ್ಪಾಳೆ ಚದುರಿ ಹಾಡು ಜೋಲುತ್ತದೆ. ಅದಕ್ಕೇ ಡ್ರಮ್ಮುಗಳಿಗೂ ಹಾಡು ಎತ್ತಿಕೊಡುವ ‘ಕಾಪೊ’ಗೂ ಕೆಳಗೆ, ನಟ್ಟನಡುವೆ ಜಾಗ. ಆಗ ತಡ ಅರ್ಧಕ್ಕೆ ಇಳಿಯುತ್ತದೆ. ದೂರದವರು ಕಾಪೊನ ಕೈ ನೋಡಿ ಚಪ್ಪಾಳೆ ಹಾಕಬೇಕು. ಕಿವಿ ನಂಬಿದರೆ ತಾಳ ತಪ್ಪಿತೆಂದೇ ಲೆಕ್ಕ. ಜನರತ್ತ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ ನಿಂತ ಆತನಿಗೆ ಎಷ್ಟೋ ಸಲ ಗೋಲು ಕಾಣುವುದು ಎದುರಿನ ಮುಖಗಳಲ್ಲೇ.