ಉಡುಪಿಯಲ್ಲಿದ್ದುಕೊಂಡು ಮೊದಲ ಹಾಫ್ ಐರನ್‌ಮ್ಯಾನ್‌ಗೆ ತಯಾರಾಗುವುದು ಹೇಗೆ?

ನಿಮಗೆ 37 ವರ್ಷ, ಮನೆ ಸಂತೆಕಟ್ಟೆಯಲ್ಲಿ. ಹಾಫ್ ಮ್ಯಾರಥಾನ್ ಎರಡು ಸಲ ಓಡಿದ್ದೀರಿ, ಈಜುಕೊಳದಲ್ಲಿ ಒಂದು ಕಿಲೋಮೀಟರ್ ಈಜುತ್ತೀರಿ. ವರ್ಷದ ಕೊನೆಗೆ ಗೋವಾದಲ್ಲಿ ಹಾಫ್ ಐರನ್‌ಮ್ಯಾನ್, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ ರೇಸ್ ಮಾಡುವ ಆಸೆ, ಯಾವುದಕ್ಕೆ ಜಾಸ್ತಿ ಸಮಯ ಕೊಡಲಿ ಅಂತ ಕೇಳಿದ್ದೀರಿ. ನಾನೂ ಉಡುಪಿಯವನೇ. ನನ್ನ ಮೊದಲ ರೇಸೂ ಗೋವಾದ್ದೇ, ಮುಗಿಸಿದಾಗ ನನಗೆ 41.

ಖಂಡಿತ ಮಾಡಬಹುದು. ಓಟದ ಬಗ್ಗೆ ಚಿಂತೆ ಬೇಡ, ಅದು ನಿಮಗೆ ಗೊತ್ತು. ಮಳೆಗಾಲ ಶುರುವಾಗುವ ಮೊದಲು ಸಮುದ್ರದಲ್ಲಿ ಈಜಲು ಕಲಿಯಿರಿ. ಆಮೇಲೆ ಸೈಕಲ್ ಮೇಲೆ ಕೂತು ತಿನ್ನಲು, ಕುಡಿಯಲು ಕಲಿಯಿರಿ. ನಾನು ಮೊದಲನೆಯದನ್ನು ಮಾಡಿದ್ದೆ, ಎರಡನೆಯದನ್ನು ಬಿಟ್ಟಿದ್ದೆ.

ರೇಸಿನ ಲೆಕ್ಕ ಹೀಗಿದೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಮೂರನ್ನೂ ಮೈಲಿಯಲ್ಲಿ ಕೂಡಿಸಿದರೆ 70.3, ಅದಕ್ಕೇ ಇದಕ್ಕೆ ಐರನ್‌ಮ್ಯಾನ್ 70.3 ಅಂತಲೂ ಹೆಸರು. ನಮಗೆ ಈಜಿಗೆ 1 ಗಂಟೆ 10 ನಿಮಿಷ, ಒಟ್ಟು ಎಂಟೂವರೆ ಗಂಟೆ ಇತ್ತು. ನಾನು 7 ಗಂಟೆ 55 ನಿಮಿಷದಲ್ಲಿ ಮುಗಿಸಿದೆ.

ಈಗ ಸಮುದ್ರ. ಅಜ್ಜರಕಾಡಿನ ಕೊಳದಲ್ಲಿ ಎರಡು ಕಿಲೋಮೀಟರ್ ಆರಾಮಾಗಿ ಈಜುತ್ತಿದ್ದೆ. ಮಲ್ಪೆಯಲ್ಲಿ ಮೊದಲ ದಿನ ನೂರು ಮೀಟರ್ ಹೋಗುವಷ್ಟರಲ್ಲಿ ಉಸಿರು ಕಟ್ಟಿದ ಹಾಗಾಯಿತು. ಕೆಳಗೆ ನೋಡಿದರೆ ಕೊಳದ ಕಪ್ಪು ಗೆರೆ ಇಲ್ಲ, ಬರೀ ಹಸಿರು ಮಬ್ಬು. ಹಿಡಿಯಲು ಗೋಡೆಯೂ ಇಲ್ಲ. ಮಗುಚಿ ಬೆನ್ನ ಮೇಲೆ ತೇಲುತ್ತಾ ಮಲಗಿದೆ. ಒಂದು ನಿಮಿಷದಲ್ಲಿ ಉಸಿರು ಸರಿಹೋಯಿತು. ಹೀಗೆ ತೇಲುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿ. ರೇಸಿನಲ್ಲಿ ಸುಸ್ತಾದರೆ ರಕ್ಷಣೆಗೆ ನಿಂತ ಸಣ್ಣ ದೋಣಿ, ಅಂದರೆ ಕಯಾಕ್, ಹಿಡಿದು ನಿಲ್ಲಬಹುದು, ಅದರ ಸಹಾಯದಿಂದ ಮುಂದೆ ಹೋಗದಿದ್ದರೆ ಸಾಕು, ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಈ ನಿಯಮ ಗೊತ್ತಿದ್ದರೇ ಅರ್ಧ ಹೆದರಿಕೆ ಹೋಗುತ್ತದೆ.

ಮಲ್ಪೆಯ ದಡದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯ ಮೀನುಗಾರರೊಬ್ಬರು ನನ್ನ ಒದ್ದಾಟ ನೋಡಿ ಕರೆದರು. "ಅಲೆ ಒಡೆಯುವ ಜಾಗದಲ್ಲಿ ನಿಲ್ಲಬೇಡಿ ಮಾರಾಯ್ರೆ. ಒಂದೋ ಈಚೆ ಇರಿ, ಇಲ್ಲ ಮುಳುಗಿ ಅದರ ಅಡಿಯಿಂದ ಆಚೆ ಹೋಗಿ" ಅಂದರು. ಆ ಒಂದು ಮಾತಿನಿಂದ ನನಗಾದ ಉಪಯೋಗ ಅಷ್ಟಿಷ್ಟಲ್ಲ. ಆಮೇಲೆ ಕಲಿತದ್ದು ತಲೆ ಎತ್ತಿ ದಿಕ್ಕು ನೋಡುವುದನ್ನು. ಏಳೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರಬೇಕು. ದಡದ ಒಂದು ಎತ್ತರದ ತೆಂಗಿನ ಮರವನ್ನು ಗುರುತಿಟ್ಟುಕೊಳ್ಳುತ್ತಿದ್ದೆ. ಒಬ್ಬರೇ ಮಾತ್ರ ಇಳಿಯಬೇಡಿ. ಸೊಂಟಕ್ಕೆ ಗಾಳಿ ತುಂಬಿದ ಕಿತ್ತಳೆ ಬಣ್ಣದ ತೇಲುವ ಬುರುಡೆ ಕಟ್ಟಿಕೊಳ್ಳಿ, ದೋಣಿಯವರಿಗೆ ಕಾಣುತ್ತೀರಿ.

ಸಮಯದ್ದೇ ದೊಡ್ಡ ಸಮಸ್ಯೆ. ರೇಸ್ ಅಕ್ಟೋಬರ್ ಅಥವಾ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ನಾಲ್ಕು ತಿಂಗಳು ನಮ್ಮ ಕಡಲಿಗೆ ಇಳಿಯುವ ಹಾಗೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ಹಾಗಾಗಿ ಸಮುದ್ರದ ಪಾಠ ಮೇ ತಿಂಗಳ ಒಳಗೆ ಮುಗಿಯಬೇಕು. ಮಳೆಗಾಲ ಪೂರ್ತಿ ಕೊಳದಲ್ಲೇ ಈಜಿ, ಕಡಲು ಶಾಂತವಾದ ಮೇಲೆ ಮೂರ್ನಾಲ್ಕು ಸಲ ಇಳಿದರೆ ಸಾಕು. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ವೆಟ್‌ಸೂಟಿಗೆ ದುಡ್ಡು ಹಾಕಬೇಡಿ. ನೀರು 24.5 ಡಿಗ್ರಿಗಿಂತ ಬಿಸಿ ಇದ್ದರೆ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ, ನಮ್ಮ ಕಡಲು ಅದಕ್ಕಿಂತ ಬಿಸಿ.

ಸೈಕಲ್‌ಗೆ ನಾನು ಬೆಳಗ್ಗೆ ಐದಕ್ಕೆ ಹೊರಟು ಹೆದ್ದಾರಿಯಲ್ಲಿ ಕುಂದಾಪುರದ ಕಡೆ ಹೋಗುತ್ತಿದ್ದೆ. ಮರವಂತೆ ಮುಟ್ಟಿ ತಿರುಗಿದರೆ ನೂರು ಕಿಲೋಮೀಟರ್ ದಾಟುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಆ ದಾರಿಯನ್ನು ಇವತ್ತಿಗೂ ಅಷ್ಟೇ ಪ್ರೀತಿಸುತ್ತೇನೆ. ಬಂದ ಕೂಡಲೇ ಶೂ ಬದಲಿಸಿ ಎರಡು ಕಿಲೋಮೀಟರ್ ಓಡಿ. ಮೊದಲ ಹತ್ತು ನಿಮಿಷ ಕಾಲು ಬೇರೆಯವರದ್ದು ಅನ್ನಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ.

ನನ್ನ ತಪ್ಪು ಆಗಿದ್ದು ಇಲ್ಲೇ. ಆ ಸವಾರಿಗಳಲ್ಲಿ ನಾನು ಏನೂ ತಿನ್ನುತ್ತಿರಲಿಲ್ಲ. ಮನೆಗೆ ಹೋಗಿ ನೀರ್ ದೋಸೆ ತಿಂದರಾಯ್ತು ಅಂತ ಇರುತ್ತಿದ್ದೆ. ರೇಸ್ ದಿನ ಎರಡು ಬಾಟಲಿ ಇಟ್ಟುಕೊಂಡಿದ್ದೆ. ಉಪ್ಪು-ಸಕ್ಕರೆ ಬೆರೆಸಿದ್ದ ಬಾಟಲಿ ಹತ್ತನೇ ಕಿಲೋಮೀಟರಿನಲ್ಲೇ ಒಂದು ಹಂಪ್ ಮೇಲೆ ಹಾರಿ ಬಿತ್ತು. ನಿಂತು ಎತ್ತಿಕೊಳ್ಳಲಿಲ್ಲ. ಆಮೇಲೆ ಸಿಕ್ಕಿದಲ್ಲೆಲ್ಲ ಬರೀ ನೀರು ಕುಡಿದೆ. ಜೇಬಿನಲ್ಲಿದ್ದ ಶೇಂಗಾ ಚಿಕ್ಕಿಯನ್ನು ಆ ಸೆಕೆಯಲ್ಲಿ ಜಗಿದು ನುಂಗಲು ಆಗಲಿಲ್ಲ.

ಓಟದ ಒಂಬತ್ತನೇ ಕಿಲೋಮೀಟರಿಗೆ ಬೆರಳು ಊದಿಕೊಂಡಿತ್ತು, ವಾಚಿನ ಪಟ್ಟಿ ಬಿಗಿಯಾಗಿತ್ತು. ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು, ಆದರೂ ಬಾಯಾರಿಕೆ. ಮೀನಖಂಡ ಹಿಡಿದುಕೊಂಡಿತು. ಇನ್ನೂ ನೀರು ಬೇಕು ಅಂತ ಲೋಟ ಎತ್ತಿದಾಗ ಅಲ್ಲಿದ್ದ ಸ್ವಯಂಸೇವಕಿ, "ನೀರು ಸಾಕು, ಇದನ್ನು ತಿನ್ನಿ" ಅಂತ ಉಪ್ಪು ಸವರಿದ ಕಿತ್ತಳೆ ಕೊಟ್ಟರು. ಮುಂದಿನ ಮೂರು ಕಿಲೋಮೀಟರ್ ನಡೆದೆ. ಉಪ್ಪು, ಬಾಳೆಹಣ್ಣು ಬಿಟ್ಟು ಏನೂ ಮುಟ್ಟಲಿಲ್ಲ. ನಿಧಾನಕ್ಕೆ ಮತ್ತೆ ಓಡಲು ಆಯಿತು. ನಿಮಗೆ ಊತದ ಜೊತೆ ತಲೆನೋವು, ವಾಂತಿ, ಗೊಂದಲ ಇದ್ದರೆ ಓಡಬೇಡಿ, ವೈದ್ಯರ ಹತ್ತಿರ ಹೋಗಿ. ಬರೀ ನೀರು ಜಾಸ್ತಿಯಾಗಿ ರಕ್ತದ ಸೋಡಿಯಂ, ಅಂದರೆ ಉಪ್ಪಿನ ಅಂಶ, ಕಡಿಮೆಯಾದರೆ ಜೀವಕ್ಕೇ ಅಪಾಯ.

ಕರಾವಳಿಯ ನಮಗೆ ಇದು ಇನ್ನೂ ಮುಖ್ಯ. ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಮತ್ತೆ ಬೆವರುತ್ತದೆ. ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಹೋಗಬಹುದು, ಕೆಲವರಿಗೆ ಇನ್ನೂ ಜಾಸ್ತಿ. ಕಪ್ಪು ಬನಿಯನ್ ಒಣಗಿದಾಗ ಬಿಳಿ ಕಲೆ ಕಂಡರೆ ನೀವು ಆ ಪೈಕಿ. ಬೊಂಡ, ಅಂದರೆ ಎಳನೀರು, ಕುಡಿದರೆ ಎಲ್ಲ ಸರಿಯಾಗುತ್ತದೆ ಅಂತ ನಾನೂ ನಂಬಿದ್ದೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಹಾಕಲೇಬೇಕು.

ಒಂದು ಭಾನುವಾರ ತೂಕ ನೋಡಿ ಒಂದು ಗಂಟೆ ಓಡಿ, ಬೆವರು ಒರೆಸಿ ಮತ್ತೆ ನೋಡಿ. ನನಗೆ 1.2 ಕಿಲೋ ಕಡಿಮೆಯಾಗಿತ್ತು, ಅಂದರೆ ಗಂಟೆಗೆ 1.2 ಲೀಟರ್ ಬೆವರು. ಪೂರ್ತಿ ತುಂಬಿಸುವುದು ಬೇಡ, ಮುಕ್ಕಾಲು ಲೀಟರ್ ಹೊಟ್ಟೆ ತಡೆಯುತ್ತದೆ. ಲೀಟರ್ ನೀರಿಗೆ ಹಾಕುವ ಓಆರ್‌ಎಸ್ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು ಇರುತ್ತದೆ, ಗ್ಲೂಕೋಸ್ ಮಾತ್ರ ಬರೀ 13.5 ಗ್ರಾಂ. ಶಕ್ತಿಗೆ ಅದು ಸಾಲದು. ಗಂಟೆಗೆ 60 ಗ್ರಾಂವರೆಗೆ ಗ್ಲೂಕೋಸ್ ನಮ್ಮ ಕರುಳು ಹೀರಿಕೊಳ್ಳುತ್ತದೆ, ಆದರೆ ರೂಢಿ ಇಲ್ಲದಿದ್ದರೆ ಅಷ್ಟಕ್ಕೇ ಹೊಟ್ಟೆ ತಿರುಗುತ್ತದೆ. ನಾನು 30 ಗ್ರಾಂನಿಂದ ಶುರುಮಾಡಿ ಎರಡು ತಿಂಗಳಲ್ಲಿ 50ಕ್ಕೆ ಬಂದೆ. ಬಾಳೆಹಣ್ಣು, ಖರ್ಜೂರ, ಮಧ್ಯೆ ಒಂದೆರಡು ಜೆಲ್, ಅಂದರೆ ಪೊಟ್ಟಣದಲ್ಲಿ ಬರುವ ಸಕ್ಕರೆ ಪಾಕ. ಹಸಿವಾಗಲಿ ಅಂತ ಕಾಯದೆ 20 ನಿಮಿಷಕ್ಕೊಮ್ಮೆ ವಾಚ್ ಅಲಾರಂ ಇಟ್ಟುಕೊಳ್ಳುತ್ತೇನೆ.

ಈ ಕಥೆ ಅಮ್ಮನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಾಟಿಗೆ ಬಂದವರಿಗೆ ನಾವು ಗಂಜಿ ತಿಳಿಗೆ ಉಪ್ಪು ಹಾಕಿಯೇ ಕೊಡುತ್ತಿದ್ದೆವಲ್ಲ, ಬರೀ ನೀರು ಯಾರು ಕೊಡ್ತಾರೆ ಮಗಾ?" ಅಂದರು. ಈಗ ಮರವಂತೆ ಸವಾರಿಯ ಹಿಂದಿನ ರಾತ್ರಿ ಕುಚ್ಚಲಕ್ಕಿ ತಿಳಿ ಸೋಸಿ ಒಂದು ಬಾಟಲಿಗೆ ಅವರೇ ತುಂಬಿಸಿಡುತ್ತಾರೆ. ಆ ಬಾಟಲಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವುದು ನನ್ನ ಕೆಲಸ.